ಐವತ್ಮೂರನೇ ಕಂತು

ನಮ್ಮೂರಲ್ಲಿ ಸುಳ್ಳು ಬರೆದ ಕಾಗದಕ್ಕೆ ಒಂಬತ್ತು ದಿನದ ಆಯುಸ್ಸು. ಐದನೆಯ ದಿನದಿಂದ ಮಸಿ ತೆಳ್ಳಗಾಗುತ್ತ ಬಂದು ಒಂಬತ್ತನೆಯ ಸಂಜೆಯ ಹೊತ್ತಿಗೆ ಹಾಳೆ ಬೋಳು. ಅಚ್ಚಿನದಾದರೂ ಅಷ್ಟೆ, ಕೈಬರಹವಾದರೂ ಅಷ್ಟೆ. ಮುಂದೆ ಆಗುವ ಮಾತಿಗೂ ಇದೇ ಕಟ್ಟಳೆ: ಹಬ್ಬಕ್ಕೆ ಬರುತ್ತೇನೆ ಎಂದು ಬರೆದವನು ನಿಜವಾಗಿ ಬರುವವನಿದ್ದರೆ ಸಾಲು ನಿಲ್ಲುತ್ತದೆ, ಬರೆಯುವಾಗ ಅವನಿಗೇ ನಂಬಿಕೆ ಇಲ್ಲದಿದ್ದರೂ ನಿಲ್ಲುತ್ತದೆ. ಬರದವನದು ಅಳಿಯುತ್ತದೆ. ಹಿಂದಿನ ಬೀದಿಯ ತೋಪಯ್ಯ ಸತ್ತಾಗ ಅವನ ಮಕ್ಕಳು ಗೋಡೆಗೋಡೆಗೂ ಅಂಟಿಸಿದ ಕಾಗದದಲ್ಲಿ ‘ಶಾಂತಮೂರ್ತಿ, ಕೊಡುಗೈ ದಾನಿ’ ಎಂದೆಲ್ಲ ಇತ್ತು. ಒಂಬತ್ತು ದಿನ ಕಳೆದ ಮೇಲೆ ಉಳಿದದ್ದು ‘ತೋಪಯ್ಯ, ಸೋಮವಾರ ತೀರಿಕೊಂಡರು’ ಎಂಬುದಷ್ಟೆ. ಯಾರೂ ನಗಲಿಲ್ಲ. ನಮ್ಮೂರಲ್ಲಿ ಎಲ್ಲರ ಕಾಗದವೂ ಹೆಚ್ಚುಕಡಿಮೆ ಹಾಗೇ ಮುಗಿಯುವುದು.

ಕಥೆಯ ಪುಸ್ತಕದ ಗತಿಯೂ ಅದೇ. ಆಗದ್ದನ್ನು ಆಯಿತು ಎಂದು ಬರೆದದ್ದು ಸುಳ್ಳೇ ಅಲ್ಲವೆ? ಹೊರಗಿನಿಂದ ಯಾರಾದರೂ ತಂದರೆ ಒಂಬತ್ತು ದಿನದೊಳಗೆ ಓದಿ ಮುಗಿಸಬೇಕು. ಆಮೇಲೆ ಆ ಬಿಳಿ ಹಾಳೆಗಳಲ್ಲಿ ಮಕ್ಕಳು ಮಗ್ಗಿ ಬರೆಯುತ್ತಾರೆ.

ಹೀಗಾಗಿ ಬಂದ ಕಾಗದವನ್ನು ಯಾರೂ ತಕ್ಷಣ ನಂಬುವುದಿಲ್ಲ. ಕಾಯುವ ಮನೆಗೆ ತಂದು ಒಪ್ಪಿಸುತ್ತಾರೆ. ಕಾಯುವ ಮನೆ ನನ್ನದು. ನಡುಮನೆಯ ಗೋಡೆಗೆ ಹಳೆಯ ಫೋಟೋ ಕಟ್ಟುಗಳನ್ನು ಸಾಲಾಗಿ ಹೊಡೆದಿದ್ದೇನೆ. ಕಾಗದವನ್ನು ಗಾಜಿನ ಹಿಂದೆ ಸೇರಿಸಿ ಒಂಬತ್ತು ದಿನ ಎದುರಿಗೆ ಕೂತಿರುವುದು ನನ್ನ ಕೆಲಸ. ಸೊಪ್ಪು ಬಿಡಿಸುತ್ತ, ಹರಿದ ಸೀರೆಗೆ ತೇಪೆ ಹಾಕುತ್ತ ಕೂತಿರುತ್ತೇನೆ. ಕೊನೆಯ ದಿನ ವಾರಸುದಾರರು ಬಂದಾಗ ನಾನು ಮೊದಲು ಎರಡೂ ಕೈ ಚಾಚಿ ಬೆರಳು ತೋರಿಸಬೇಕು. ಮಸಿಯ ಕಲೆ ಇಲ್ಲವೆಂದು ನೋಡಿದ ಮೇಲೆಯೇ ಅವರು ಕಾಗದ ಮುಟ್ಟುವುದು. ಅಳಿಯುವ ಅಕ್ಷರದ ಮೇಲೆ ಕಾಯುವವಳೇ ತಿದ್ದಿಬಿಟ್ಟರೆ ಏನು ಗತಿ?

ಓದು ಬಾರದವರನ್ನೇ ಈ ಕೆಲಸಕ್ಕೆ ಇಡುವುದು ಹಿಂದಿನ ಪದ್ಧತಿ. ನನ್ನನ್ನು ಇಟ್ಟದ್ದೂ ಹಾಗೆಯೇ. ಆದರೆ ಐವತ್ತೆರಡನೇ ವಯಸ್ಸಿನಲ್ಲಿ ನಾನು ರಾತ್ರಿ ಶಾಲೆಗೆ ಸೇರಿದೆ. ಕಾರಣ ಒಂದೇ. ನನ್ನ ಗಂಡ ಲಾರಿಯ ಜೊತೆ ಹೊರಗೆ ಹೋದವನು ಒಂದು ಕಾಗದ ಬರೆದಿದ್ದ. ಒಂಬತ್ತು ದಿನ ಕಳೆದು ಒಂದೇ ಸಾಲು ಉಳಿದಿತ್ತು. ಪಕ್ಕದ ಮನೆಯವಳು ಓದಿ, ‘ನಿನ್ನ ನೆನಪಾಗುತ್ತೆ ಅಂತ ಬರೆದವ್ನೆ ಕಣಕ್ಕ’ ಎಂದಳು. ಅವನು ಬರಲಿಲ್ಲ. ಇಪ್ಪತ್ತು ವರ್ಷ ಆ ಸಾಲನ್ನು ಸೆರಗಿನ ಗಂಟಿನಂತೆ ಕಾಪಾಡಿಕೊಂಡೆ. ಅಕ್ಷರ ಕಲಿತ ಮೇಲೆ ತೆಗೆದು ನೋಡಿದರೆ ‘ನನ್ನ ಹಳೇ ಕಂಬಳಿ ಕಳಿಸು’ ಎಂದಿತ್ತು. ಅಂದಿನಿಂದ ಓದಿ ಹೇಳುವವರ ಬಾಯಿಯನ್ನು ನಂಬುವುದು ಬಿಟ್ಟೆ.

ನಾನು ಓದು ಕಲಿತೆನೆಂದು ತಿಳಿದಾಗ ಊರಿನಲ್ಲಿ ಮಾತು ಎದ್ದಿತು. ಕಡೆಗೆ ಮನೆಯಲ್ಲಿ ಪೆನ್ನು, ಮಸಿ, ಪೆನ್ಸಿಲ್ಲು ಯಾವುದನ್ನೂ ಇಟ್ಟುಕೊಳ್ಳಕೂಡದು ಎಂಬ ಷರತ್ತಿನ ಮೇಲೆ ಬಿಟ್ಟರು. ಅಂದು ನನ್ನ ಪರವಾಗಿ ನಿಂತವರು ಪಂಕಜಾಕ್ಷಿ ಟೀಚರ್, ರಾತ್ರಿ ಶಾಲೆಯವರು. ಪಠ್ಯಪುಸ್ತಕದ ‘ಕಮಲ ಕೆರೆಗೆ ಹೋದಳು’ ಎಂಬುದು ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ, ಅಂಥ ಕಮಲ ಇರಲಿಲ್ಲವಲ್ಲ. ಅದಕ್ಕೆ ಅವರು ನಮ್ಮ ಮೇಲೆಯೇ ವಾಕ್ಯ ಕಟ್ಟುತ್ತಿದ್ದರು. ‘ಹೊನ್ನಮ್ಮ ರೊಟ್ಟಿ ಸೀಯಿಸಿದಳು’ ಎಂದು ಅವರು ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು ಶಾಲೆಯ ಸಭಾಂಗಣದಲ್ಲಿ ಇವತ್ತಿಗೂ ತೂಗುತ್ತಿದೆ. ಆ ಹೊನ್ನಮ್ಮ ನಾನೇ. ಅದರ ಮೇಲೆ ಬೆರಳಾಡಿಸಿಯೇ ನಾನು ಅಕ್ಷರ ಕಲಿತದ್ದು.

ಆ ಸಭಾಂಗಣದಲ್ಲೇ ಊರಿನ ದೊಡ್ಡ ಟಿವಿ. ಗುರುವಾರ ಸಂಜೆ ಆರಕ್ಕೆ ‘ನಲವತ್ತರ ನೌಕೆ’ ಬರುತ್ತಿತ್ತು. ಭೂಮಿಯ ದಾರಿ ತಪ್ಪಿಸಿಕೊಂಡ ಒಂದು ಆಕಾಶನೌಕೆ, ಅದರೊಳಗೆ ನಲವತ್ತು ಜನ, ಅವರಿಗೊಬ್ಬಳು ಗಟ್ಟಿಗಿತ್ತಿ ನಾಯಕಿ. ಕಾಗದದ ಮೇಲೆ ನಿಲ್ಲದ ಕಥೆ ಗಾಜಿನ ಮೇಲೆ ವಾರವಾರ ಮುಂದುವರಿಯುವುದನ್ನು ಕಂಡು ನಮಗೆ ಹುಚ್ಚೇ ಹಿಡಿಯಿತು. ದರ್ಜಿ ಮರಿಸ್ವಾಮಿ ಅಭಿಮಾನಿ ಸಂಘ ಕಟ್ಟಿದ. ನಲವತ್ತು ಜನ ಸದಸ್ಯರು, ನಲವತ್ತು ನಂಬರು ಬರೆದ ಕುರ್ಚಿಗಳು. ಎಲ್ಲರ ಅಳತೆ ತೆಗೆದು ಬೂದುಬಣ್ಣದ ಅಂಗಿ ಹೊಲಿದ, ತೋಳಿಗೆ ಜರಿಪಟ್ಟಿ ಬೇರೆ. ಮೂವತ್ತೊಂಬತ್ತನೇ ಕುರ್ಚಿ ನನ್ನದು, ನಲವತ್ತನೆಯದು ಟೀಚರದು.

ಐವತ್ತೆರಡನೇ ಕಂತಿನ ಕೊನೆಯಲ್ಲಿ ಹೀಗಾಯಿತು. ನೌಕೆ ನಟ್ಟನಡು ಆಕಾಶದಲ್ಲಿದೆ, ಸುತ್ತ ಒಂದು ನರಪಿಳ್ಳೆ ಇಲ್ಲ. ಹೊರಗಿನಿಂದ ಯಾರೋ ಮೂರು ಸಲ ಬಾಗಿಲು ತಟ್ಟುತ್ತಾರೆ. ನಾಯಕಿ ಚಿಲಕದ ಮೇಲೆ ಕೈಯಿಟ್ಟು ‘ಯಾರದು?’ ಎನ್ನುತ್ತಾಳೆ. ಮುಗಿಯಿತು. ಮರುವಾರ ಅದೇ ಹೊತ್ತಿಗೆ ಯಾವಳೋ ಒಬ್ಬಳು ಬಂದು ಬದನೆಕಾಯಿ ಎಣ್ಣೆಗಾಯಿ ಮಾಡುವುದು ಹೇಗೆಂದು ತೋರಿಸತೊಡಗಿದಳು. ಧಾರಾವಾಹಿ ನಿಂತೇಹೋಗಿತ್ತು.

ನಾಲ್ಕು ವರ್ಷ ನಾವು ಗುರುವಾರ ತಪ್ಪಿಸಲಿಲ್ಲ. ಅಂಗಿ ತೊಟ್ಟು ಕೂತು ಆ ಅಡುಗೆಯನ್ನೇ ಅನುಮಾನದಿಂದ ನೋಡುತ್ತಿದ್ದೆವು. ಅವಳ ಹಿಂದಿನ ಮಸಾಲೆ ಡಬ್ಬಿಗಳ ಗೂಡು ನೌಕೆಯ ಗೋಡೆಯೇ, ಮೇಲೆ ಹಳದಿ ಬಳಿದಿದ್ದಾರೆ ಎಂದು ಮೊದಲು ಕಂಡುಹಿಡಿದವಳು ಗಿರಣಿಯ ಜಬೀನಾ. ‘ಗೋಡೆ ಇಟ್ಕೊಂಡವ್ರೆ ಅಂದ್ರೆ ಮತ್ತೆ ಶುರು ಮಾಡ್ತಾರೆ’ ಎಂದು ಒಂದು ಗುಂಪು. ‘ಶುರು ಮಾಡೋರು ಹಳದಿ ಯಾಕೆ ಬಳೀತಿದ್ರು?’ ಎಂದು ಇನ್ನೊಂದು. ಬಾಗಿಲಾಚೆ ನಿಂತದ್ದು ಶತ್ರುವೋ ದೇವರೋ ಯಂತ್ರವೋ ಎಂಬ ಜಗಳದಲ್ಲಿ ಎರಡು ಮನೆಯವರು ಮಾತು ಬಿಟ್ಟರು. ಟಿವಿ ಕಚೇರಿಗೆ ಮನವಿಗಳನ್ನು ಕಳಿಸಿದ್ದಕ್ಕೆ ಉತ್ತರವಿಲ್ಲ. ಈಚೀಚೆಗೆ ಕುರ್ಚಿಗಳು ಖಾಲಿ ಬೀಳತೊಡಗಿದ್ದವು. ಒಂದು ಗುರುವಾರ ಹನ್ನೊಂದೇ ಜನ ಬಂದಿದ್ದರು.

ಹಾಗಿರುವಾಗ ಹನ್ನೆರಡನೇ ತಾರೀಕು ಮಂಗಳವಾರ ಬೆಳಿಗ್ಗೆ ಮರಿಸ್ವಾಮಿ ಓಡಿಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

‘ಹೊನ್ನಜ್ಜಿ, ಕೈ ತೊಳ್ಕೊಂಡು ಮುಟ್ಟು. ಬಂದ್ಬಿಡ್ತು!’

ಅಂಗಡಿ ತೆರೆದಾಗ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತಂತೆ. ಕೈಬರಹ. ಮಾನ್ಯರೇ, ನಿಮ್ಮ ಮನವಿಗಳು ತಲುಪಿವೆ, ಹೊಸ ಕಂತುಗಳು ಸಿದ್ಧವಾಗಿವೆ ಎಂದು ಮೊದಲಾಗಿ ಕೊನೆಗೆ ಹೀಗಿತ್ತು: ‘ನೌಕೆಯ ಬಾಗಿಲಾಚೆ ನಿಂತವರು ಯಾರೆಂದು ಇದೇ ಇಪ್ಪತ್ತೊಂದರ ಗುರುವಾರ ಸಂಜೆ ಆರಕ್ಕೆ ನಿಮ್ಮ ಸಭಾಂಗಣದಲ್ಲಿ ನೀವೇ ಕಾಣುವಿರಿ.’ ಕೆಳಗೆ ಯಾರೋ ನಿರ್ದೇಶಕರ ರುಜು.

‘ಅಷ್ಟು ದೊಡ್ಡ ಕಚೇರಿಯೋರು ಕೈಯಲ್ಲಿ ಬರೀತಾರೇನೋ?’ ಎಂದೆ.

‘ಪ್ರೀತಿಗೆ ಬರೆದವ್ರೆ.’

‘ಅಂಚೆ ಮುದ್ರೆ ಎಲ್ಲೋ?’

‘ನಿನ್ನ ಬಾಯಿಗೆ ಮೊದ್ಲು ಮುದ್ರೆ ಹಾಕ್ಬೇಕು’ ಎಂದು ರೇಗಿದ. ಆಮೇಲೆ ದನಿ ಇಳಿಸಿದ. ‘ನೋಡಜ್ಜಿ, ನಿಂತ್ರೆ ನಿಲ್ಲಲಿ. ಅಳಿಸ್ಹೋದ್ರೆ ಸಂಘ ಅವತ್ತೇ ಮುಚ್ತೀನಿ. ಬರೆದೋರು ಯಾರು ಅಂತ ಕೈ ಹೋಲಿಸಿ ಹಿಡೀದೆ ಬಿಡಲ್ಲ. ನಾಲ್ಕು ವರ್ಷ ಕಾದೋರ ಜೊತೆ ಆಟ ಆಡೋದಾ?’

ಕೈ ಹೋಲಿಸುವುದೆಂದರೆ ಓದುಬರಹ ಬಲ್ಲ ಎಲ್ಲರೂ ಒಂದೇ ಸಾಲನ್ನು ಸ್ಲೇಟಿನ ಮೇಲೆ ಬರೆಯಬೇಕು. ತಿಳಿದೂ ತಿಳಿದೂ ಸುಳ್ಳು ಬರೆದವರು ಸಿಕ್ಕಿದರೆ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಅವರ ಕೈಬರಹವನ್ನು ಊರಲ್ಲಿ ಮುಂದೆ ಯಾರೂ ಓದುವುದಿಲ್ಲ, ಅಷ್ಟೆ. ಹಿಂದೆ ಬರೆದು ಗೋಡೆಗೆ ತೂಗಿದ್ದನ್ನೂ ಇಳಿಸುತ್ತಾರೆ.

ಅವನು ಹೋದ ಮೇಲೆ ಕಾಗದವನ್ನು ಕಟ್ಟಿನೊಳಗೆ ಸೇರಿಸಿ ಎದುರು ಕೂತೆ. ಅಕ್ಷರಗಳು ಬಲಕ್ಕೆ ವಾಲಿದ್ದವು, ಬೇಕೆಂದೇ ವಾಲಿಸಿದಂತೆ. ಆದರೆ ಪ್ರತಿ ಸಾಲಿನ ಕೊನೆಗೂ ಚುಕ್ಕಿಯ ಬದಲು ಒಂದು ಸಣ್ಣ ಬಾಲ. ಬಳಪ ಎತ್ತುವ ಮೊದಲು ಸ್ಲೇಟಿನ ಮೇಲೆ ಎಳೆಯುವಂಥದು. ಆ ಬಾಲದ ಮೇಲೆ ನನ್ನ ಬೆರಳು ಎಷ್ಟು ಸಾವಿರ ಸಲ ಓಡಾಡಿತ್ತೋ.

ಊರಲ್ಲಿ ಅನುಮಾನ ಹಿಟ್ಟಿನಂತೆ ಹಾರತೊಡಗಿತು. ಮರಿಸ್ವಾಮಿಯೇ ಬರೆದಿರಬೇಕು, ಅಂಗಿಗಳಿಗೆ ಹೊಸ ಪಟ್ಟಿ ಹೊಲಿಯುವ ನೆಪ ಬೇಕಿತ್ತು ಅವನಿಗೆ ಎಂದು ಜಬೀನಾ ನನ್ನ ಕಿವಿಯಲ್ಲಿ ಹೇಳಿದಳು. ಜಬೀನಾಳೇ ಬರೆದಿರಬೇಕು, ಗೋಡೆಯ ವಿಷಯದಲ್ಲಿ ಗೆಲ್ಲಬೇಕಲ್ಲ ಎಂದು ಮರಿಸ್ವಾಮಿ. ಇಬ್ಬರೂ ದಿನಕ್ಕೆರಡು ಬಾರಿ ಬಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ನಾನು ಇಬ್ಬರನ್ನೂ ನಂಬದೆ ತಲೆಯ ಒಂದು ಬಿಳಿಕೂದಲು ಕಿತ್ತು ಅನ್ನದ ಅಗುಳಿನಿಂದ ಕಟ್ಟಿನ ಅಂಚಿಗೆ ಅಂಟಿಸಿದೆ. ಯಾರಾದರೂ ತೆರೆದರೆ ಕೂದಲು ಬಿಡಬೇಕು. ಒಂದು ಮಾತು ಮಾತ್ರ ನಿಜ: ಹದಿನಾಲ್ಕರ ಗುರುವಾರ ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

ನಾಲ್ಕನೇ ದಿನ, ಶುಕ್ರವಾರ, ಟೀಚರ ಮನೆಗೆ ಹೋದೆ. ಮಂಚಕ್ಕೆ ಒರಗಿ ಕೂತಿದ್ದರು. ತಿಂಗಳ ಹಿಂದೆ ಅವರ ವೈದ್ಯರ ಚೀಟಿಯನ್ನು ಕಾದವಳೂ ನಾನೇ. ‘ಗಾಬರಿಪಡುವಂಥದ್ದು ಏನೂ ಇಲ್ಲ’ ಎಂಬ ಸಾಲು ಆರನೇ ದಿನವೇ ಹೋಗಿತ್ತು. ಅದು ನಮ್ಮಿಬ್ಬರಿಗಷ್ಟೇ ಗೊತ್ತು.

‘ಟೀಚರ್, ಆ ಬಾಲ ನಿಮ್ಮದು’ ಎಂದೆ.

ಅವರು ಮೊದಲು ಗೋಡೆ ನೋಡಿದರು, ಆಮೇಲೆ ನನ್ನನ್ನು. ‘ಅಷ್ಟು ವಾಲಿಸಿ ಬರೆದೆ. ಬಾಲ ಮರೆತೆ ನೋಡು.’

‘ಯಾಕೆ ಬರೆದ್ರಿ? ಒಂಬತ್ತು ದಿನಕ್ಕೆ ಬಯಲಾಗುತ್ತೆ ಅಂತ ಗೊತ್ತಿಲ್ವಾ ನಿಮಗೆ?’

‘ಗೊತ್ತು. ಒಂಬತ್ತೇ ದಿನ ಸಾಕಿತ್ತು ಕಣೆ. ಹನ್ನೊಂದು ಜನ ಕೂತಿದ್ರಲ್ಲ ಆವತ್ತು, ಆ ಖಾಲಿ ಕುರ್ಚಿಗಳನ್ನ ನೋಡಕಾಗಲಿಲ್ಲ ನಂಗೆ. ಒಂದ್ಸಲ ನಲವತ್ತೂ ತುಂಬಿದ್ದು ನೋಡಿ ಹೋಗೋಣ ಅಂತ. ನಿನ್ನೆ ತುಂಬಿತ್ತು.’ ಸ್ವಲ್ಪ ಸುಧಾರಿಸಿಕೊಂಡು ಅಂದರು, ‘ಸಂಘ ಮುಚ್ತೀನಿ ಅಂತಾನಾ ಮರಿಸ್ವಾಮಿ?’

‘ಕೈ ಹೋಲಿಸ್ತೀನಿ ಅಂತಾನೆ.’

ಸಭಾಂಗಣದ ಹಲಗೆ ನಮ್ಮಿಬ್ಬರ ಕಣ್ಣ ಮುಂದೆಯೂ ಬಂದಿರಬೇಕು. ಅದನ್ನು ಇಳಿಸಿ ಒಲೆಗೆ ಹಾಕುತ್ತಾರೆ. ಮೂವತ್ತು ವರ್ಷ ಊರಿಗೆ ಅಕ್ಷರ ತಿದ್ದಿಸಿದ ಕೈ, ಇನ್ನು ಉಳಿದಿರುವ ಕೆಲವು ತಿಂಗಳಲ್ಲಿ ಒಂದು ಸಾಲು ಬರೆದುಕೊಟ್ಟರೂ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಐದನೇ ದಿನ ‘ಸಿದ್ಧವಾಗಿವೆ’ ಎಂಬುದು ಮಬ್ಬಾಯಿತು. ಆರನೇ ದಿನ ರುಜು ಹೋಯಿತು. ಏಳನೇ ದಿನ ‘ಮಾನ್ಯರೇ’ ಕೂಡ ಮಾಯ. ಕೊನೆಯ ಸಾಲೂ ಹೇಗೂ ಹೋಗುವುದೇ ಎಂದು ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ. ಎಂಟನೇ ದಿನದ ಮಧ್ಯಾಹ್ನ ನಾನು ಬಾಗಿಲು ಹಾಕಿಕೊಂಡು, ಬಾಣಲೆಯ ತಳದ ಮಸಿ ಕೆರೆದು ಹರಳೆಣ್ಣೆಯಲ್ಲಿ ಕಲಸಿ, ಪೊರಕೆ ಕಡ್ಡಿಯೊಂದನ್ನು ಚೂಪು ಮಾಡಿದೆ. ಮೂವತ್ತೊಂದು ವರ್ಷ ಕಾದ ಮನೆಯಲ್ಲಿ ನಾನು ಮಾಡಬಾರದ ಕೆಲಸ ಅದೊಂದೇ. ಉಳಿದ ಗೆರೆಗಳ ಮೇಲೆ ನನ್ನ ಕೈ ಓಡಿಬಿಟ್ಟರೆ ಬರಹ ನನ್ನದಾಗುತ್ತದೆ, ಟೀಚರದಾಗುವುದಿಲ್ಲ. ಹೋಲಿಸಲಿ ಎಷ್ಟು ಬೇಕಾದರೂ.

ಕೂದಲು ತೆಗೆದೆ. ಗಾಜು ಸರಿಸಿದೆ. ಕಡ್ಡಿ ಅದ್ದಿ ಕೊನೆಯ ಸಾಲಿನ ಮೊದಲಕ್ಷರದ ಮೇಲೆ ಹಿಡಿದವಳು ಹಾಗೇ ನಿಂತೆ.

ಕೊನೆಯ ಸಾಲು ಕಪ್ಪಗಿತ್ತು. ಬರೆದ ದಿನ ಎಷ್ಟು ಕಪ್ಪಗಿತ್ತೋ ಅಷ್ಟೇ.

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಯಾವನೋ ಒಳಗೆ ಬಂದು ತಿದ್ದಿದ್ದಾನೆ! ಕಿಟಕಿಯ ಅಗುಳಿ ನೋಡಿದೆ, ಭದ್ರ. ಕೂದಲು ನಾನೇ ಈಗ ತೆಗೆದದ್ದು. ಬೆರಳಿಗೆ ಎಂಜಲು ಹಚ್ಚಿ ಅಂಚಿನಲ್ಲಿ ಉಜ್ಜಿದೆ, ಹಸಿ ಮಸಿಯಲ್ಲ. ಬೆಳಕಿಗೆ ಹಿಡಿದೆ, ಒಂದೇ ಗೆರೆ, ಬಾಲಸಮೇತ. ಸುತ್ತಲೂ ಹಾಳೆ ಬೋಳು. ನಡುವೆ ಆ ಒಂದು ಸಾಲು ಮಾತ್ರ ಬಯಲಲ್ಲಿ ಕೂತ ಕಾಗೆಯಂತೆ ನನ್ನನ್ನೇ ನೋಡುತ್ತಿತ್ತು. ಟೀಚರು ಸುಳ್ಳೆಂದು ತಿಳಿದೇ ಬರೆದದ್ದು. ಅದು ನಿಜವಾಗುವುದು ಹೇಗೆ? ಕಡ್ಡಿಯನ್ನು ಒಲೆಗೆ ಹಾಕಿ ಕೈ ತೊಳೆದೆ. ಹರಳೆಣ್ಣೆಯ ಮಸಿ, ಸೀಗೆಪುಡಿಗೂ ಜಗ್ಗಲಿಲ್ಲ.

ಮರುದಿನ ಸಂಜೆ ಅರ್ಧ ಸಂಘವೇ ಅಂಗಳಕ್ಕೆ ಬಂತು. ಟೀಚರು ಮಾತ್ರ ಮೈಗೆ ಆಗದೆ ಬಂದಿರಲಿಲ್ಲ. ಪದ್ಧತಿಯಂತೆ ಕೈ ಚಾಚಿದೆ. ಮರಿಸ್ವಾಮಿ ಬಾಗಿ ನೋಡಿದವನು ನನ್ನ ಉಗುರುಗಳನ್ನೇ ನೋಡುತ್ತ ನಿಂತುಬಿಟ್ಟ. ಬಲಗೈಯ ಐದೂ ಉಗುರಿನ ಸಂದಿಯಲ್ಲಿ ಕಪ್ಪು.

‘ಏನಜ್ಜಿ ಇದು?’

‘ಬಾಣಲೆ ಉಜ್ಜಿದೆ.’

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾಯಿಮಾತು ಅಳಿಯುವುದಿಲ್ಲವಲ್ಲ. ಜಬೀನಾ ಕಟ್ಟನ್ನು ಇಳಿಸಿ ಕಾಗದ ತೆಗೆದಳು. ಬೋಳು ಹಾಳೆಯಲ್ಲಿ ಒಂದೇ ಸಾಲು, ಕಪ್ಪಗೆ.

‘ನಿಂತದೆ!’ ಎಂದು ಯಾರೋ ಕೂಗಿದರು.

‘ನಿಲ್ಲದೆ ಏನು, ನಿಲ್ಲಿಸವ್ಳೆ’ ಎಂದಳು ಜಬೀನಾ. ‘ಮಿಕ್ಕಿದ್ದೆಲ್ಲ ಹೋಗಿ ಇದೊಂದೇ ಹೆಂಗೆ ಉಳೀತು? ಬೇಕಾದ ಸಾಲು ಮಾತ್ರ ತಿದ್ಕೊಂಡವ್ಳೆ. ಉಗುರು ನೋಡಿ!’

‘ಬರೆದವಳೂ ನೀನೇನಾ ಅಜ್ಜಿ?’ ಎಂದ ಮರಿಸ್ವಾಮಿ. ‘ನಿಜ ಹೇಳು.’

ಅಲ್ಲ ಎನ್ನಬಹುದಿತ್ತು. ಅಂದರೆ ಮುಂದಿನದು ಸ್ಲೇಟು, ಬಳಪ, ಟೀಚರ ಮನೆಯ ಬಾಗಿಲು. ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಸುಮ್ಮನೆ ನಿಂತೆ. ಸುಮ್ಮನಿರುವುದು ನನಗೆ ರೂಢಿ.

‘ನಾಳೆ ಆರಕ್ಕೆ ಸಭೆ’ ಎಂದ ಮರಿಸ್ವಾಮಿ. ‘ನಿನ್ನ ಹೆಸರು ತೆಗೆದು ಆಮೇಲೆ ಸಂಘ ಮುಚ್ತೀವಿ. ನೀನು ಬರೋದು ಬೇಡ.’ ಹೋಗುವಾಗ ಕಾಗದವನ್ನು ನನ್ನ ಅಂಗಳದಲ್ಲೇ ಬಿಸಾಡಿ ಹೋದರು. ಕಾಯುವ ಮನೆಯಿಂದ ಯಾರೂ ಕಾಗದ ಬಿಟ್ಟುಹೋದದ್ದನ್ನು ನಾನು ಅದೇ ಮೊದಲು ಕಂಡದ್ದು.

ಗುರುವಾರ ಸಂಜೆ ಐದರ ಹೊತ್ತಿಗೆ ನನ್ನ ಬಾಗಿಲಲ್ಲಿ ಕೋಲಿನ ಸದ್ದು. ಟೀಚರು. ಬೂದು ಅಂಗಿ ತೊಟ್ಟಿದ್ದರು, ಅದು ಈಗ ಅವರಿಗೆ ಎರಡು ಪಾಲು ದೊಡ್ಡದಾಗಿ ಜೋತಾಡುತ್ತಿತ್ತು.

‘ಜಬೀನಾ ಬೆಳಿಗ್ಗೆ ಹಿಟ್ಟು ತಂದವಳು ಎಲ್ಲಾ ಹೇಳಿದ್ಲು. ನನ್ನ ತಪ್ಪು ನಿನ್ನ ತಲೆಗೆ ಕಟ್ಕೊಳ್ಳೋಕೆ ಯಾರು ಹೇಳಿದ್ರು ನಿಂಗೆ?’

‘ನಾನೇನೂ ಹೇಳಲಿಲ್ಲ ಟೀಚರ್. ಅವರೇ ತಿಳ್ಕೊಂಡ್ರು.’

‘ಸುಮ್ನಿದ್ದೆಯಲ್ಲ, ಅದೂ ಹೇಳಿದ ಹಾಗೇ. ಅಂಗಿ ಹಾಕ್ಕೊ, ನಡಿ. ಹಲಗೆ ಇಳಿಸೋದಾದ್ರೆ ನನ್ನ ಮುಂದೇನೇ ಇಳಿಸಲಿ.’

ಕಾಗದವನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ‘ನೀನು ತಿದ್ದಿಲ್ಲ ತಾನೆ?’ ಎಂದು ನನ್ನನ್ನೂ ಅನುಮಾನಿಸಿದರು. ಇಲ್ಲವೆಂದೆ. ‘ಹಾಗಾದ್ರೆ ಇದು ಯಾಕೆ ಹೋಗಿಲ್ಲ?’ ಎಂದು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ಮೂರು ಕಡೆ ಕೂತರು. ಸಭಾಂಗಣಕ್ಕೆ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ. ನಾನು ಬರದಿರಲೆಂದೇ ಹಾಕಿದ್ದು. ಒಳಗೆ ಟಿವಿಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು, ಅದರ ಮೇಲೆ ಮರಿಸ್ವಾಮಿಯ ದನಿ. ಟೀಚರು ಉಸಿರು ಸಿಕ್ಕದೆ ನನ್ನ ಹೆಗಲಿಗೆ ಒರಗಿದರು. ನಾನು ಕೋಲು ತೆಗೆದುಕೊಂಡು ಬಾಗಿಲು ತಟ್ಟಿದೆ. ಒಮ್ಮೆ. ಎರಡು ಸಲ. ಮೂರು ಸಲ.

ಹೆಜ್ಜೆಗಳು ಹತ್ತಿರ ಬಂದವು. ಚಿಲಕದ ಮೇಲೆ ಕೈ ಬಿದ್ದ ಸದ್ದಾಯಿತು.

‘ಯಾರದು?’ ಎಂದ ಮರಿಸ್ವಾಮಿ.

ಅಂದವನಿಗೆ ತಾನು ಅಂದದ್ದೇನೆಂದು ಮರುಗಳಿಗೆ ಹೊಳೆದಿರಬೇಕು. ಒಳಗಿನ ಗುಜುಗುಜು ನಿಂತಿತು. ಯಾರೋ ಟಿವಿ ಆರಿಸಿದರು. ಟೀಚರ ಬೆರಳುಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದವು. ಗಂಟೆ ಆರಾಗಿತ್ತು, ಕಾಗದದ ಆ ಸಾಲು ಯಾಕೆ ಅಳಿಯಲಿಲ್ಲವೆಂದು ನನಗೆ ಆಗ ಹೊಳೆಯಿತು. ನಾಲ್ಕು ವರ್ಷ ನಾವೆಲ್ಲ ಒಳಗೇ ಕೂತು ಬಾಗಿಲನ್ನು ಅನುಮಾನಿಸಿದೆವು. ಶತ್ರು ಎಂದೆವು, ದೇವರೆಂದೆವು. ಒಳಗಿದ್ದವರ ತಲೆ ಎಣಿಸಿ ನೋಡೋಣ ಎಂದು ಒಬ್ಬರಿಗೂ ತೋಚಿರಲಿಲ್ಲ.

‘ಯಾರದು ಅಂದೆ’ ಎಂದ ಒಳಗಿನಿಂದ, ಈ ಸಲ ಮೆಲ್ಲಗೆ.

‘ಎಣಿಸಿ ನೋಡೋ’ ಎಂದೆ ನಾನು. ‘ಒಳಗೆ ಎಷ್ಟು ಜನ ಇದೀರಿ?’

ಕುರ್ಚಿಗಳು ಕಿರುಗುಟ್ಟಿದವು. ಜಬೀನಾ ಗಟ್ಟಿಯಾಗಿ ಎಣಿಸುವುದು ಕೇಳಿಸಿತು. ಮೂವತ್ತೆಂಟಕ್ಕೆ ಬಂದು ಅವಳ ದನಿ ನಿಂತುಹೋಯಿತು.

ಚಿಲಕ ಸರಿಯಿತು. ಬೂದು ಅಂಗಿಯ ಅಷ್ಟೂ ಜನ ಎದ್ದು ನಿಂತು ನಮ್ಮಿಬ್ಬರನ್ನೇ ನೋಡುತ್ತಿದ್ದರು. ಅವರ ಹಿಂದೆ ಗೋಡೆಯ ಮೇಲೆ ‘ಹೊನ್ನಮ್ಮ ರೊಟ್ಟಿ ಸೀಯಿಸಿದಳು’ ತೂಗುತ್ತಿತ್ತು. ಮರಿಸ್ವಾಮಿ ಟೀಚರ ಮುಖ ನೋಡಿದ, ಜೋತುಬಿದ್ದ ಅಂಗಿ ನೋಡಿದ. ಅವನು ಅಳತೆಯ ಮನುಷ್ಯ, ಎಷ್ಟು ಇಳಿದಿದ್ದಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಅವನ ಕಣ್ಣು ನನ್ನ ಉಗುರಿನ ಮೇಲೆ ಬಿತ್ತು.

‘ಬೆರಳು ನೋಡೋದಾದ್ರೆ ನನ್ನದು ನೋಡೋ, ಬರೆದವಳು ನಾನು’ ಎಂದರು ಟೀಚರು. ‘ಮೊದಲು ಕುರ್ಚಿ ಹಾಕು.’